ಉಳಿಸಿದ ನಿಮಿಷಗಳ ಲೆಕ್ಕ

೧೮೪೭ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ಪ್ರಾಧ್ಯಾಪಕನು ಆಲ್ಪ್ಸ್ ಪರ್ವತಗಳಲ್ಲಿ ಶಾಮೊನಿಯಿಂದ ಕೆಳಕ್ಕೆ ನಡೆದು ಬರುತ್ತಿದ್ದಾಗ, ದಾರಿಯಲ್ಲಿ ಎದುರಿಗೆ ಜೇಮ್ಸ್ ಜೂಲ್ ಸಿಕ್ಕಿದನಂತೆ. ಎರಡು ತಿಂಗಳ ಹಿಂದೆಯಷ್ಟೆ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಜೂಲನಿಗೆ ಆಗತಾನೆ ಮದುವೆಯಾಗಿತ್ತು. ಹೆಂಡತಿ ಅಮೀಲಿಯ ಸ್ವಲ್ಪ ದೂರದಲ್ಲಿ ಗಾಡಿಯೊಳಗೆ ಕುಳಿತು ಬರುತ್ತಿದ್ದಳು. ಮದುವಣಿಗನು ನಡೆದು ಬರುತ್ತಿದ್ದನು, ಕೈಯಲ್ಲಿ ಒಂದು ಥರ್ಮಾಮೀಟರು! ಜಲಪಾತದ ನೆತ್ತಿಯ ನೀರಿಗಿಂತ ಬುಡದ ನೀರು ಎಷ್ಟು ಬೆಚ್ಚಗಾಗಿದೆಯೆಂದು ಅಳೆಯಬೇಕೆಂಬುದು ಅವನ ಹಂಬಲ. ಬಿದ್ದ ನೀರಿನ ಶಕ್ತಿ ಎಲ್ಲಿಯೂ ಸೋರಿಹೋಗದೆ ಶಾಖವಾಗಿ ಪರಿಣಮಿಸುವುದಾದರೆ, ೪೨೭ ಮೀಟರು ಬಿದ್ದ ನೀರಿನ ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡು ಏರಬೇಕು. ಕೆಲವು ದಿನಗಳ ಮೇಲೆ ಇಬ್ಬರೂ ಸಲಾಂಶ್ ಜಲಪಾತದ ಬಳಿ ಸೇರಿದರು. ಆದರೆ ಅಲ್ಲಿ ನೀರು ತುಂತುರು ತುಂತುರಾಗಿ ಚದರಿಹೋಗುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಥರ್ಮಾಮೀಟರಿನ ವಿಷಯವನ್ನು ಥಾಮ್ಸನ್ನನು ಬರೆದದ್ದು ಮೂವತ್ತೈದು ವರ್ಷಗಳ ತರುವಾಯ. ಅಷ್ಟರಲ್ಲಿ ಕಥೆಗೆ ಕೊಂಚ ಉಪ್ಪುಖಾರ ಸೇರಿದ್ದರೆ ಆಶ್ಚರ್ಯವಿಲ್ಲ.

ಶಾಖದ ಪಾಠ ಬಂದಾಗ ಈ ಕಥೆ ಹೇಳಿ ವಿದ್ಯಾರ್ಥಿಗಳನ್ನು ನಗಿಸುವುದು ಅಧ್ಯಾಪಕವರ್ಗದಲ್ಲಿ ವಾಡಿಕೆ. ನಾವೂ ನಗಿಸಿದ್ದೇವೆ. ಆದರೆ ಆ ದಂಪತಿಗಳ ಪ್ರವಾಸದಲ್ಲಿ ನಗೆಗೆ ಮೀರಿದ ಒಂದು ವಿಷಯ ಉಂಟು. ದಾರಿಯಲ್ಲಿ ಎದುರಾದವನ ಗುರುತು ಹಿಡಿದು ನಿಂತು ಮಾತನಾಡುವಷ್ಟು, ಒಂದು ಜಲಪಾತಕ್ಕಾಗಿ ಅರ್ಧ ದಿನ ಕಳೆಯುವಷ್ಟು ನಿಧಾನ ಅದರಲ್ಲಿತ್ತು. ಇಂದು ಅದೇ ಪರ್ವತಗಳಿಗೆ ಹೋಗುವ ನಮ್ಮ ನಾಡಿನವರಿಗೆ ಆ ನಿಧಾನ ಉಳಿದಿದೆಯೆ? ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಮತ್ತು ಅದು ಇಲ್ಲದ ಪ್ರವಾಸಕ್ಕೆ ನಾವು ತೆರುವ ಬೆಲೆ ತೀರ ಹೆಚ್ಚೆಂಬುದೂ ನಮ್ಮ ಅಭಿಪ್ರಾಯ.

ಬೆಲೆ ಎಂದೊಡನೆ ವಾಚಕರು ಹಣವನ್ನು ನೆನೆಯುವುದು ಸಹಜ. ಸ್ವಿಟ್ಜರ್ಲೆಂಡಿನಲ್ಲಿ ಎಲ್ಲವೂ ದುಬಾರಿ ಎಂಬುದು ಹೊಸ ಸುದ್ದಿಯೇನೂ ಅಲ್ಲ. ನಾವು ಹೇಳುವುದು ಬೇರೊಂದು ಬೆಲೆ. ಬೆಂಗಳೂರಿನಿಂದ ಜ್ಯೂರಿಕ್ ನಗರಕ್ಕೆ ಹೋಗಿಬರುವ ವಿಮಾನದ ದಾರಿ ಸುಮಾರು ೧೫,೦೦೦ ಕಿಲೋಮೀಟರು. ಅತಿ ಮಿತವಾಗಿ ಎಣಿಸಿದರೂ, ಒಬ್ಬ ಪ್ರಯಾಣಿಕನ ಪಾಲಿಗೆ ಒಂದು ಟನ್ನಿಗೆ ಮೇಲ್ಪಟ್ಟ ಇಂಗಾಲದ ಡೈಆಕ್ಸೈಡು ಆಕಾಶಕ್ಕೆ ಸೇರುತ್ತದೆ. ೨೦೧೮ರಲ್ಲಿ ಹಿಮನದಿ ತಜ್ಞರ ಒಂದು ತಂಡ ಇದಕ್ಕೆ ಸಂಬಂಧಿಸಿದ ಲೆಕ್ಕವೊಂದನ್ನು ಪ್ರಕಟಿಸಿತು: ಇಂದು ಹೊರಬೀಳುವ ಪ್ರತಿ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಮುಂದಿನ ದಿನಗಳಲ್ಲಿ, ಎಂದರೆ ದೀರ್ಘಕಾಲದಲ್ಲಿ, ಸುಮಾರು ೧೫ ಕಿಲೋಗ್ರಾಂ ಹಿಮನದಿಯ ಮಂಜುಗಡ್ಡೆಯನ್ನು ಕರಗಿಸುತ್ತದೆ. ಹಾಗಾದರೆ ಗಂಡಹೆಂಡಿರಿಬ್ಬರು ಒಮ್ಮೆ ಆಲ್ಪ್ಸಿಗೆ ಹಾರಿ ಹಿಂದಿರುಗಿದರೆ ಮೂವತ್ತು ಟನ್ನಿಗೂ ಹೆಚ್ಚು ಮಂಜುಗಡ್ಡೆ ಹೋಯಿತು. ಉದ್ದ, ಅಗಲ, ಎತ್ತರ ಮೂರೂ ಹತ್ತೂವರೆ ಅಡಿ ಇರುವ ಒಂದು ಕೊಠಡಿಯನ್ನು ಭಾವಿಸಿಕೊಳ್ಳಿ; ಅದರ ತುಂಬ ಮಂಜುಗಡ್ಡೆ. ನಮ್ಮ ಮನೆಯ ಮಲಗುವ ಕೊಠಡಿ ಹೆಚ್ಚು ಕಡಮೆ ಅಷ್ಟೇ ಇದೆ.

ಇದನ್ನು ಹೇಳಿದರೆ ಕೆಲವರು, ಹಾಗಾದರೆ ಹೋಗಲೇಬಾರದು ಎನ್ನುವಿರೋ ಎಂದು ಕೇಳುತ್ತಾರೆ. ಹಾಗೆಂದು ನಾವು ಹೇಳುವುದಿಲ್ಲ. ಹೋಗುವುದಾದರೆ ಜೀವಮಾನದಲ್ಲಿ ಒಂದು ಸಲ, ರಜೆ ಇರುವಷ್ಟೂ ದಿನ, ಒಂದೆರಡು ಕಣಿವೆಗಳಿಗೆ, ನೆಲದ ಮೇಲೆ ಸಾಗುವ ರೈಲಿನಲ್ಲಿಯೂ ಕಾಲ್ನಡಿಗೆಯಲ್ಲಿಯೂ ಹೋಗಬೇಕು ಎನ್ನುತ್ತೇವೆ. ನಾವು ದಂಪತಿಗಳು ಹಾಗೆಯೇ ಹದಿನಾರು ದಿನ ಇದ್ದು ಬಂದೆವು. ಕಾಲೇಜಿಗೆ ಮರಳಿದಾಗ ಸಹೋದ್ಯೋಗಿಯೊಬ್ಬರು, "ಏನ್ ಮೇಷ್ಟ್ರೇ, ಎಷ್ಟು ದೇಶ ನೋಡಿದಿರಿ?" ಎಂದು ವಿಚಾರಿಸಿದರು. "ಒಂದು, ಅದೂ ಪೂರ್ತಿಯಾಗಿ ಅಲ್ಲ" ಎಂದೆವು. ಅವರಿಗೆ ನಮ್ಮ ಮೇಲೆ ಕರುಣೆ ಹುಟ್ಟಿತು. ಅವರ ಭಾವಮೈದುನರು ಹನ್ನೆರಡು ದಿನಗಳಲ್ಲಿ ಏಳು ದೇಶಗಳನ್ನು ನೋಡಿ ಬಂದವರು.

ರೈಲಿನ ವಿಚಾರವನ್ನು ಮೊದಲು ಎತ್ತಿಕೊಳ್ಳೋಣ. ಬೆಟ್ಟದ ಮೇಲೆ ನಡೆಯುವವರಲ್ಲಿ ಕೆಲವರಿಗೆ ಪರ್ವತದ ರೈಲುಗಳನ್ನು ಕಂಡರೆ ತಾತ್ಸಾರ. ಅದು ಸರಿಯಲ್ಲ. ಯುಂಗ್‌ಫ್ರೌ ಶಿಖರದ ಭುಜದವರೆಗೆ, ಎಂದರೆ ಯುಂಗ್‌ಫ್ರೌಯೋಖ್ ಎಂಬ ೩,೪೫೪ ಮೀಟರು ಎತ್ತರದ ನಿಲ್ದಾಣದವರೆಗೆ, ಹತ್ತುವ ಹಲ್ಲುಕಂಬಿಯ ರೈಲನ್ನೇ ನೋಡಿ. ೧೮೯೬ರಲ್ಲಿ ಆರಂಭಿಸಿ ೧೯೧೨ರಲ್ಲಿ ಮುಗಿಸಿದ ಈ ಮಾರ್ಗ ೯ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದರಲ್ಲಿ ಏಳು ಕಿಲೋಮೀಟರಿನಷ್ಟು ಐಗರ್ ಮತ್ತು ಮಂಖ್ ಎಂಬ ಎರಡು ಪರ್ವತಗಳ ಹೊಟ್ಟೆಯೊಳಗಿನ ಸುರಂಗ. ಅದನ್ನು ಕಲ್ಪಿಸಿದ ಅಡಾಲ್ಫ್ ಗೈಯರ್-ಟ್ಸೆಲ್ಲರ್ ಮಹಾಶಯನು ೧೮೯೯ರಲ್ಲಿಯೇ ತೀರಿಕೊಂಡನು. ಮುಗಿದುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಕೆಳಗಿನ ಕ್ಲೈನ ಶೈಡೆಕ್ ನಿಲ್ದಾಣ ೨,೦೬೧ ಮೀಟರು ಎತ್ತರದಲ್ಲಿದೆ. ಅಲ್ಲಿಂದ ಮೇಲಕ್ಕೆ ೭೦ ಕಿಲೋಗ್ರಾಂ ತೂಗುವ ಒಬ್ಬ ಮನುಷ್ಯನನ್ನು ಎತ್ತಲು ಬೇಕಾದ ಶಕ್ತಿ ಎಷ್ಟು? ತೂಕವನ್ನು ಎತ್ತರದಿಂದ ಗುಣಿಸಿ ನೋಡಿದರೆ ಕಾಲು ಯೂನಿಟ್ಟು ವಿದ್ಯುತ್ತಿಗಿಂತ ಕೊಂಚ ಹೆಚ್ಚು ಬರುತ್ತದೆ! ಮನೆಯ ಇಸ್ತ್ರಿಪೆಟ್ಟಿಗೆ ಹದಿನೈದು ನಿಮಿಷದಲ್ಲಿ ಅದಕ್ಕಿಂತ ಬಹಳ ಕಡಮೆಯನ್ನೇನೂ ತಿನ್ನುವುದಿಲ್ಲ. ಬಂಡಿಯ ತೂಕ, ಉಜ್ಜುವಿಕೆ ಇವುಗಳನ್ನು ಸೇರಿಸಿದರೆ ಇದರ ಕೆಲವು ಪಟ್ಟಾಗುತ್ತದೆ. ಆದರೂ ವಿಮಾನದ ಲೆಕ್ಕದ ಪಕ್ಕದಲ್ಲಿ ಅದು ಸಾಸಿವೆಯ ಕಾಳು.

ಅಷ್ಟೇ ಅಲ್ಲ. ಈ ಮಾರ್ಗದ ಮೇಲೆ ಒಂದರ ಬದಲು ಎರಡು ವಿದ್ಯುತ್ ತಂತಿಗಳು ಹಾದುಹೋಗಿರುವುದನ್ನು ಗಮನಿಸಿದವರು ಕಡಮೆ. ಇದು ಮೂರು ಹಂತಗಳ ವಿದ್ಯುತ್ತಿನಿಂದ, ಎಂದರೆ ತ್ರೀ ಫೇಸಿನಿಂದ, ಓಡುವ ರೈಲು; ಎರಡು ಹಂತಗಳು ಮೇಲಿನ ತಂತಿಗಳಲ್ಲಿ, ಮೂರನೆಯದು ಕೆಳಗಿನ ಕಂಬಿಯಲ್ಲಿ. ಇಂಥವು ಈಗ ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ. ನಮ್ಮ ತೋಟದ ಪಂಪುಸೆಟ್ಟಿನಲ್ಲಿರುವಂಥ ಇಂಡಕ್ಷನ್ ಮೋಟಾರಿಗೆ ಒಂದು ಗುಣವುಂಟು. ವಿದ್ಯುತ್ತಿನ ಆವರ್ತನೆ ಗೊತ್ತುಮಾಡಿದ ವೇಗಕ್ಕಿಂತ ತುಸು ಹಿಂದೆ ಉಳಿದರೆ ಅದು ತಂತಿಯಿಂದ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಹೊರಗಿನ ಬಲವೊಂದು ಅದನ್ನು ಆ ವೇಗಕ್ಕಿಂತ ಮುಂದಕ್ಕೆ ತಳ್ಳಿದರೆ, ತಾನೇ ಡೈನಮೊ ಆಗಿ ತಂತಿಗೆ ಶಕ್ತಿಯನ್ನು ಹಿಂದಿರುಗಿಸುತ್ತದೆ. ಇಳಿಯುವ ಬಂಡಿಯನ್ನು ಹಾಗೆ ತಳ್ಳುವುದು ಭೂಮಿಯ ಆಕರ್ಷಣೆ. ಆದುದರಿಂದ ಮೇಲಿನಿಂದ ಇಳಿದು ಬರುವ ಬಂಡಿ ಕೆಳಗಿನಿಂದ ಹತ್ತುವ ಬಂಡಿಗೆ ಕೈಕೊಡುತ್ತದೆ. ಜೂಲ್ ಮಹಾಶಯನು ಜಲಪಾತದ ಬುಡದಲ್ಲಿ ಶಾಖವಾಗಿ ಹುಡುಕಿದ ಶಕ್ತಿಯೇ ಇಲ್ಲಿ ವಿದ್ಯುತ್ತಾಗಿ ಕೈಗೆ ಸಿಗುತ್ತಿದೆ. ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಎಷ್ಟು ಚಿತ್ರ ಬರೆದರೂ ಆಗದ ಮನವರಿಕೆ ಆ ಎರಡು ತಂತಿಗಳನ್ನು ತೋರಿಸಿದರೆ ಆಗುತ್ತದೆಂದು ನಮಗೆ ತೋರುತ್ತದೆ.

ಇನ್ನು ಅಲ್ಲಿನ ರೈಲುಗಳ ಕಾಲನಿಷ್ಠೆ. ಇದನ್ನು ಹೊಗಳದ ಪ್ರವಾಸಿಯಿಲ್ಲ; ಆದರೆ ಹೊಗಳುವವರು ಅದರ ತತ್ತ್ವವನ್ನು ಗ್ರಹಿಸಿದಂತೆ ಕಾಣುವುದಿಲ್ಲ. ನಿಲ್ದಾಣಗಳಲ್ಲಿರುವ ದೊಡ್ಡ ಗಡಿಯಾರದ ವಿನ್ಯಾಸ ಹನ್ಸ್ ಹಿಲ್ಫಿಕರ್ ಎಂಬ ಇಂಜಿನಿಯರನದು, ೧೯೪೪ರಲ್ಲಿ ಮಾಡಿದ್ದು. ಅದರ ಕೆಂಪು ಸೆಕೆಂಡಿನ ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡಿನಲ್ಲಿಯೇ ಒಂದು ಸುತ್ತು ಮುಗಿಸಿ, ನೆತ್ತಿಯಲ್ಲಿ ನಿಂತುಬಿಡುತ್ತದೆ. ಕೇಂದ್ರ ಗಡಿಯಾರದಿಂದ ವಿದ್ಯುತ್ತಿನ ತಟ್ಟು ಬಂದೊಡನೆ ನಿಮಿಷದ ಮುಳ್ಳು ಒಂದು ಮನೆ ಜಿಗಿಯುತ್ತದೆ, ಸೆಕೆಂಡಿನ ಮುಳ್ಳು ಮತ್ತೆ ಹೊರಡುತ್ತದೆ. ಕೊಂಚ ಮುಂಚೆ ಬಂದು, ಎಲ್ಲರೂ ಬರುವವರೆಗೆ ಕಾಯುವುದು ಅದರ ಶಿಸ್ತು. ೧೯೮೨ರಲ್ಲಿ ಜಾರಿಗೆ ಬಂದ ಅಲ್ಲಿಯ ವೇಳಾಪಟ್ಟಿಯ ತತ್ತ್ವವೂ ಇದೇ. ದೊಡ್ಡ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕುಗಳ ಗಾಡಿಗಳೂ ಹೆಚ್ಚು ಕಡಮೆ ಒಂದೇ ಹೊತ್ತಿಗೆ ಬಂದು, ಜನ ಗಾಡಿ ಬದಲಾಯಿಸಲು ಕೆಲವು ನಿಮಿಷ ನಿಂತು, ಒಂದೇ ಹೊತ್ತಿಗೆ ಹೊರಡುತ್ತವೆ. ಹೀಗಾಗಬೇಕಾದರೆ ಎರಡು ಜಂಕ್ಷನ್ನುಗಳ ನಡುವಣ ಪಯಣ ಒಂದು ಗಂಟೆಗೆ ತುಸು ಕಡಮೆಯಿರಬೇಕು. ೨೦೦೪ರಲ್ಲಿ ಬೆರ್ನ್ ನಗರಕ್ಕೆ ಹೊಸ ಮಾರ್ಗ ಹಾಕಿದಾಗ ಅವರು ಸಾಧಿಸಿದ್ದು ಅಷ್ಟನ್ನೇ: ಜ್ಯೂರಿಕ್‌ನಿಂದ ಬೆರ್ನಿಗೆ ಒಂದು ಗಂಟೆಗೆ ನಾಲ್ಕು ನಿಮಿಷ ಕಡಮೆ. ಅದಕ್ಕಿಂತ ಬೇಗ ಹೋಗಿ ಪ್ರಯೋಜನವಿಲ್ಲ, ಮುಂದಿನ ಗಾಡಿ ಇನ್ನೂ ಬಂದಿರುವುದಿಲ್ಲ. ಸಾಧ್ಯವಾದಷ್ಟು ಬೇಗ ಎಂಬುದಲ್ಲ, ಅಗತ್ಯವಾದಷ್ಟು ಬೇಗ ಎಂಬುದೇ ಅಲ್ಲಿಯ ಸೂತ್ರ.

ಇಂಥ ಜಾಣರ ದೇಶದಲ್ಲಿಯೂ ಪ್ರವಾಸಿಗಳ ಅವಸರ ತನ್ನ ಕೆಲಸವನ್ನು ಮಾಡಿದೆ ಎಂಬುದೇ ವಿಷಾದದ ಸಂಗತಿ. ಯುಂಗ್‌ಫ್ರೌ ರೈಲಿನ ಸುರಂಗದಲ್ಲಿ, ೨,೮೬೫ ಮೀಟರು ಎತ್ತರದಲ್ಲಿ, ಐಗರ್‌ವಾಂಡ್ ಎಂಬ ನಿಲ್ದಾಣವೊಂದಿದೆ. ೧೯೦೩ರಲ್ಲಿ ತೆರೆದದ್ದು. ಅಲ್ಲಿ ಬಂಡೆಯನ್ನು ಕೊರೆದು ಗಾಜಿನ ಕಿಟಕಿಗಳನ್ನಿಟ್ಟಿದ್ದಾರೆ. ಕಿಟಕಿಯ ಹೊರಗೆ ನೆಟ್ಟಗೆ ಕೆಳಕ್ಕೆ ಬೀಳುವುದು ಐಗರ್ ಪರ್ವತದ ಪ್ರಸಿದ್ಧವಾದ ಉತ್ತರ ಮುಖ. ನೂರು ವರ್ಷಗಳಿಗೂ ಹೆಚ್ಚು ಕಾಲ ಹತ್ತುವ ಪ್ರತಿಯೊಂದು ಬಂಡಿಯೂ ಅಲ್ಲಿ ಐದು ನಿಮಿಷ ನಿಲ್ಲುತ್ತಿತ್ತು. ಜನ ಇಳಿದು ಇಣುಕುತ್ತಿದ್ದರು, ಉಸಿರು ಸರಿಮಾಡಿಕೊಳ್ಳುತ್ತಿದ್ದರು. ೨೦೧೬ರಲ್ಲಿ ವೇಗದ ಹೊಸ ಬಂಡಿಗಳು ಬಂದವು. ಐಗರ್‌ವಾಂಡಿನ ನಿಲುಗಡೆಯನ್ನು ತೆಗೆದುಹಾಕಿದರು. ಈಗ ಮೇಲಿನ ಐಸ್‌ಮೇರ್ ನಿಲ್ದಾಣದಲ್ಲಿ ಮಾತ್ರ ಐದು ನಿಮಿಷ. ೨೦೨೦ರ ಡಿಸೆಂಬರಿನಲ್ಲಿ ಗ್ರಿಂಡೆಲ್ವಾಲ್ಡಿನಿಂದ ಐಗರ್ ಹಿಮನದಿಯ ನಿಲ್ದಾಣಕ್ಕೆ ಹದಿನೈದು ನಿಮಿಷದಲ್ಲಿ ಏರುವ ತಂತಿದಾರಿಯ ತೊಟ್ಟಿಲುಗಳೂ ಬಂದವು. ಅದರಿಂದ ಪ್ರಯಾಣಿಕರಿಗೆ ೪೭ ನಿಮಿಷಗಳ ಉಳಿತಾಯವೆಂದು ಲೆಕ್ಕ.

ಈ ಉಳಿದ ನಿಮಿಷಗಳು ಎಲ್ಲಿಗೆ ಹೋಗುತ್ತವೆ? ನಾವು ಮೇಲಿನ ನಿಲ್ದಾಣದಲ್ಲಿ ನಿಂತು ನೋಡಿದ ಮಟ್ಟಿಗೆ ಹೇಳುವುದಾದರೆ, ಗಡಿಯಾರ, ಚಾಕೊಲೇಟು ಮಾರುವ ಅಂಗಡಿಗಳ ಮುಂದಿನ ಸಾಲಿಗೆ. ೩,೪೫೪ ಮೀಟರಿನಲ್ಲಿ ವಾಯುಭಾರ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು; ಉಸಿರಿನೊಡನೆ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಪಾಲು. ನೀರು ಅಲ್ಲಿ ೮೯ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಬೆಳಗ್ಗೆ ಕಣಿವೆಯಲ್ಲಿ ತಿಂಡಿ ತಿಂದವರನ್ನು ಹತ್ತು ಗಂಟೆಗೆ ಅಲ್ಲಿ ನಿಲ್ಲಿಸಿದರೆ ತಲೆ ನೋಯದಿರುತ್ತದೆಯೆ? ಗುಂಪಿನೊಂದಿಗೆ ಬಂದ ಅನೇಕ ಹಿರಿಯರು ಗೋಡೆಗೆ ಒರಗಿ ಕುಳಿತು, ಇಳಿಯುವ ಗಾಡಿ ಯಾವಾಗಲೆಂದು ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ದಾರಿಯ ನಡುವಿನ ಆ ಐದು ನಿಮಿಷಗಳೇ. ಕಿಟಕಿಯನ್ನು ಕೊರೆದವರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಮುಚ್ಚಿದವರಿಗೆ ವೇಳಾಪಟ್ಟಿಯಷ್ಟೆ ತಿಳಿದಿತ್ತು.

ಅದಿರಲಿ, ನಮ್ಮ ಮುಖ್ಯ ಆಕ್ಷೇಪ ತಲೆನೋವಿನದಲ್ಲ. ಯುಂಗ್‌ಫ್ರೌಯೋಖ್‌ನ ಜಗಲಿಯಿಂದ ದಕ್ಷಿಣಕ್ಕೆ ನೋಡಿದರೆ ಆಲೆಚ್ ಹಿಮನದಿಯ ತಲೆಭಾಗ ಕಾಣುತ್ತದೆ. ಸುಮಾರು ೨೦ ಕಿಲೋಮೀಟರು ಉದ್ದದ ಇದು ಆಲ್ಪ್ಸಿನಲ್ಲಿಯೇ ಅತಿ ದೊಡ್ಡದು. ಜಗಲಿಯಿಂದ ನೋಡಿದವರಿಗೆ ಅದು ಬೆಳ್ಳಗೆ, ವಿಶಾಲವಾಗಿ, ಅಂದಿನಂತೆಯೇ ಇಂದೂ ಇದ್ದು ಎಂದೆಂದಿಗೂ ಹೀಗೆಯೇ ಇರುವಂತೆ ಕಾಣುತ್ತದೆ. ಅಳೆಯಲು ಕಣ್ಣಿಗೆ ಅಲ್ಲಿ ಒಂದು ಮರವಿಲ್ಲ, ಒಂದು ಗುಡಿಸಲಿಲ್ಲ. ಮೇಲ್ಮೈ ಎಷ್ಟು ತಗ್ಗಿದೆಯೆಂದು ತಿಳಿಯುವ ಬಗೆಯಿಲ್ಲ. ಸ್ವಿಟ್ಜರ್ಲೆಂಡಿನ ಹಿಮನದಿಗಳೆಲ್ಲವೂ ಸೇರಿ ೨೦೨೨ ಮತ್ತು ೨೦೨೩, ಈ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು ಎಂದು ಜಗಲಿಯ ಮೇಲೆ ನಿಂತವರಿಗೆ ಹೇಳಿದರೆ ಅವರು ನಂಬಲಾರರು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನ ನೋಡುವ ಈ ದೃಶ್ಯ, ನೋಡಬೇಕಾದುದನ್ನು ಮರೆಮಾಚುವ ದೃಶ್ಯ.

ಆದುದರಿಂದ ನಡೆಯಬೇಕು. ಎಲ್ಲಿ ನಡೆಯಬೇಕು ಎಂದರೆ, ಹಿಮನದಿಯ ತಲೆಯಲ್ಲಿ ಅಲ್ಲ, ಕಾಲಿನ ಬಳಿ.

ನಾವು ಐಗರ್ ಪರ್ವತದ ಬುಡದಲ್ಲಿ ಒಂದು ದಿನ ನಡೆದು, ಆಮೇಲೆ ಕಾಂಡರ್‌ಸ್ಟೆಗ್ಗಿನ ಹಳೆಯ ಮಾರ್ಗವಾಗಿ ಬ್ರಿಗ್ ಪಟ್ಟಣಕ್ಕೆ ಹೋದೆವು. ೨೦೦೭ರಲ್ಲಿ ೩೪ ಕಿಲೋಮೀಟರಿಗೂ ಉದ್ದವಾದ ತಳದ ಸುರಂಗ ತೆರೆದ ಮೇಲೆ ವೇಗದ ಗಾಡಿಗಳೆಲ್ಲ ಅಲ್ಲಿ ಹೋಗುತ್ತವೆ. ೧೯೧೩ರ ಹಳೆಯ ಸುರಂಗದ ಮೇಲ್ದಾರಿಯಲ್ಲಿ ನಿಧಾನದ ಗಾಡಿ ಇನ್ನೂ ಇದೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಸುರಂಗದಿಂದ ಹೊರಬಿದ್ದೊಡನೆ ಬಲಗಡೆಯಲ್ಲಿ ರೋನ್ ನದಿಯ ಕಣಿವೆ ಬಹು ಆಳದಲ್ಲಿ ತೆರೆದುಕೊಂಡು ಬ್ರಿಗ್‌ವರೆಗೂ ಜೊತೆಗೆ ಬರುತ್ತದೆ. ಬ್ರಿಗ್‌ನ ಮೇಲಿನ ಬೆಲಾಲ್ಪ್ ಎಂಬ ಬೆಟ್ಟದ ಹಳ್ಳಿಯಲ್ಲಿ ಇಳಿದುಕೊಂಡೆವು.

ಬೆಲಾಲ್ಪಿನ ಹೆಸರು ಭೌತಶಾಸ್ತ್ರ ಓದಿದವರಿಗೆ ಪ್ರಿಯವಾಗಿರಬೇಕು. ಏಕೆಂದರೆ ಅದು ಜಾನ್ ಟಿಂಡಲ್ಲನ ಬೇಸಗೆಯ ಮನೆಯಿದ್ದ ಸ್ಥಳ. ಆಕಾಶ ಏಕೆ ನೀಲಿ ಎಂಬ ಪ್ರಶ್ನೆಯೊಡನೆ ನಮ್ಮ ಪಠ್ಯಪುಸ್ತಕಗಳಲ್ಲಿ ಅವನ ಹೆಸರು ಬರುತ್ತದೆ. ೧೮೫೯ರಲ್ಲಿ ಅವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉದ್ದನೆಯ ಕೊಳವೆಯೊಂದರಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹಾಯಿಸಿ ನೋಡಿದನು. ಗಾಳಿಯ ಬಹುಭಾಗವಾದ ಸಾರಜನಕ, ಆಮ್ಲಜನಕಗಳು ಆ ಕಿರಣಗಳನ್ನು ತಡೆಯಲಿಲ್ಲ. ಅತ್ಯಲ್ಪವಾಗಿರುವ ನೀರಾವಿಯೂ ಇಂಗಾಲದ ಡೈಆಕ್ಸೈಡೂ ತಡೆದವು. ಇಂಗಾಲದ ಡೈಆಕ್ಸೈಡು ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆಂಬುದನ್ನು ೧೮೫೬ರಲ್ಲಿಯೇ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳನ್ನಿಟ್ಟು ತೋರಿಸಿದ್ದಳು. ಆಕೆಯನ್ನು ಜಗತ್ತು ಒಂದೂವರೆ ಶತಮಾನ ಮರೆತಿತ್ತು. ಟಿಂಡಲ್ಲನು ಮಾತ್ರ ಚಳಿಗಾಲದಲ್ಲಿ ಅನಿಲಗಳನ್ನೂ ಬೇಸಗೆಯಲ್ಲಿ ಹಿಮನದಿಗಳನ್ನೂ ಅಳೆಯುತ್ತ ಬಾಳಿದವನು. ೧೮೭೬ರಲ್ಲಿ ಲೂಯಿಸಾ ಹ್ಯಾಮಿಲ್ಟನ್ ಎಂಬಾಕೆಯನ್ನು ಮದುವೆಯಾಗಿ, ಮರುವರ್ಷವೇ ಬೆಲಾಲ್ಪಿನ ಮೇಲೆ ಮನೆ ಕಟ್ಟಿಸಿ, ಗಂಡಹೆಂಡಿರು ಬೇಸಗೆಯಲ್ಲಿ ಅಲ್ಲಿಗೆ ಬರುತ್ತಿದ್ದರು. ಅವನು ಸತ್ತ ಬಳಿಕ ಆಕೆ ಅಲ್ಲಿ ನಿಲ್ಲಿಸಿದ ಕಲ್ಲು ಇಂದಿಗೂ ಇದೆ. ಮಂಜುಗಡ್ಡೆಯನ್ನು ಅಷ್ಟೊಂದು ಪ್ರೀತಿಸಿದವನೇ, ಅದನ್ನು ಕರಗಿಸಲಿರುವ ಅನಿಲದ ಗುಣವನ್ನೂ ತನಗರಿಯದೆ ಬರೆದಿಟ್ಟುಹೋದನು.

ಟಿಂಡಲ್ಲನ ಕಾಲದಲ್ಲಿ ಬೆಲಾಲ್ಪಿನಿಂದ ಎದುರು ದಂಡೆಯ ರೀಡರ್‌ಆಲ್ಪಿಗೆ ಹೋಗಬೇಕಾದವರು ಹಿಮನದಿಯ ಮೇಲೆಯೇ ನಡೆದು ದಾಟುತ್ತಿದ್ದರು. ಈಗ ಆ ಜಾಗದಲ್ಲಿ ಮಂಜುಗಡ್ಡೆಯಿಲ್ಲ; ೧೮೬೦ರ ಸುಮಾರಿಗೆ ಅತ್ಯಂತ ಉದ್ದವಾಗಿದ್ದ ಆಲೆಚ್ ಅಂದಿನಿಂದ ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಅದರ ಜಾಗದಲ್ಲಿ ಮಸ್ಸಾ ಎಂಬ ಹೊಳೆಯ ಕಮರಿ ಬಾಯ್ದೆರೆದುಕೊಂಡಿದೆ. ಕಡಿದುಹೋದ ದಾರಿಯನ್ನು ಕೂಡಿಸಲು ೨೦೦೮ರಲ್ಲಿ ೧೨೪ ಮೀಟರು ಉದ್ದದ ತೂಗುಸೇತುವೆಯನ್ನು ಕಟ್ಟಿದರು.

ಈ ಸೇತುವೆಯ ದಾರಿಯನ್ನೇ ನಾವು ಆರಿಸಿಕೊಂಡದ್ದು. ಅಲ್ಲಿಯ ದಾರಿಗಳ ಹಳದಿ ಹಲಗೆಗಳ ಮೇಲೆ ದೂರವನ್ನು ಬರೆಯುವುದಿಲ್ಲ, ಹೊತ್ತನ್ನು ಬರೆಯುತ್ತಾರೆ. ಬೆಟ್ಟದಲ್ಲಿ ಇದೇ ಸರಿಯಾದ ಮಾನ. ನಮ್ಮ ಹಳ್ಳಿಗರೂ ಒಂದು ಎಲೆ ಅಡಕೆ ಹಾಕಿಕೊಳ್ಳುವಷ್ಟು ಹೊತ್ತು ಎಂದೇ ದೂರವನ್ನು ಹೇಳುತ್ತಿದ್ದರಲ್ಲವೆ? ನಮ್ಮ ದಾರಿ ಸುಮಾರು ಐದು ಗಂಟೆಯದು. ಐನೂರು ಮೀಟರಿನಷ್ಟು ಇಳಿದು ಹೆಚ್ಚು ಕಡಮೆ ಅಷ್ಟೇ ಹತ್ತಬೇಕು. ಚೀಲವೂ ಸೇರಿ ಎಪ್ಪತ್ತು ಕಿಲೋಗ್ರಾಂ ತೂಕವನ್ನು ಐನೂರು ಮೀಟರು ಎತ್ತುವುದೆಂದರೆ ಎಂಬತ್ತೆರಡು ಕಿಲೋಕ್ಯಾಲೊರಿ. ನಮ್ಮ ಮಾಂಸಖಂಡಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೆ ಕೆಲಸವಾಗಿ ಮಾರ್ಪಡಿಸಬಲ್ಲವಾದ್ದರಿಂದ ಅದರ ನಾಲ್ಕರಷ್ಟು ಬೇಕು. ಒಂದು ಮಸಾಲೆದೋಸೆಗೆ ಸರಿಹೋಯಿತೆನ್ನಿ. ಇಳಿಯುವಾಗ ಮಾತ್ರ ನಾವು ಆ ರೈಲಿನಷ್ಟು ಜಾಣರಲ್ಲ. ಅದು ಶಕ್ತಿಯನ್ನು ತಂತಿಗೆ ಹಿಂದಿರುಗಿಸುತ್ತದೆ. ನಮ್ಮ ತೊಡೆಯ ಮಾಂಸಖಂಡಗಳು ಎಳೆಯಲ್ಪಡುತ್ತಲೇ ಬಿಗಿಹಿಡಿದು ಅದೆಲ್ಲವನ್ನೂ ಶಾಖವಾಗಿ ಪೋಲುಮಾಡುತ್ತವೆ. ಮರುದಿನ ಮೆಟ್ಟಿಲಿಳಿಯುವಾಗ ಅದರ ಅರಿವು ಚೆನ್ನಾಗಿ ಆಗುತ್ತದೆ.

ಬೆಲಾಲ್ಪಿನಿಂದ ಇಳಿಯತೊಡಗಿದಾಗ ಕಣಿವೆಯ ಎದುರುಗೋಡೆಯ ಮೇಲೆ ಉದ್ದಕ್ಕೂ ಗೀಟೆಳೆದಂತೆ ಒಂದು ರೇಖೆ ಕಾಣುತ್ತದೆ. ರೇಖೆಯ ಮೇಲೆ ಹಳೆಯ ಪೈನ್ ಮರಗಳ ದಟ್ಟವಾದ ಕಡುಹಸಿರು ಕಾಡು. ಕೆಳಗೆ ತಿಳಿಬಣ್ಣದ ಕಲ್ಲುಮಣ್ಣು, ಅಲ್ಲಲ್ಲಿ ಎಳೆಯ ಮರಗಳು. ಆ ರೇಖೆಯೇ ೧೮೬೦ರ ಸುಮಾರಿನ ಮಂಜುಗಡ್ಡೆಯ ಮಟ್ಟ. ಅದನ್ನು ದಾಟಿ ಕೆಳಗೆ ಕಾಲಿಟ್ಟೊಡನೆ, ಟಿಂಡಲ್ಲನು ಇದ್ದಾಗ ಮಂಜುಗಡ್ಡೆಯ ಒಳಗಿದ್ದ ನೆಲದ ಮೇಲೆ ನಾವು ನಿಂತಿರುತ್ತೇವೆ. ಮೊದಲು ಸಿಗುವುದು ನೂರು ವರ್ಷ ಮೀರಿದ ಲಾರ್ಚ್ ಮರಗಳು. ಇನ್ನೂ ಇಳಿದರೆ ಆಳುದ್ದದವು. ಆಮೇಲೆ ಮೊಣಕಾಲೆತ್ತರದ ಕುರುಚಲು, ನೇರಳೆ ಹೂವಿನ ಗಿಡಗಳು. ಮತ್ತೂ ಕೆಳಗೆ ಹಾವಸೆ, ಕಲ್ಲುಹೂವು. ಕಟ್ಟಕಡೆಗೆ ಏನೂ ಹುಟ್ಟದ, ಮಂಜುಗಡ್ಡೆ ಉಜ್ಜಿ ನುಣುಪು ಮಾಡಿದ, ಗೀರುಬಿದ್ದ ಬರಿಯ ಬಂಡೆ. ಒಂದೊಂದು ಹೆಜ್ಜೆಗೂ ಕೆಲವು ತಿಂಗಳು ಮುಂದೆ ಬರುತ್ತಿದ್ದೇವೆ ಎನ್ನಿಸುತ್ತದೆ. ನಮ್ಮ ಜೊತೆಯವರು ಅರ್ಧ ದಾರಿಯಲ್ಲಿ ನಿಂತು, "ನಮ್ಮ ತಾತ ಹುಟ್ಟಿದಾಗ ಮಂಜು ಇಲ್ಲಿತ್ತೇನೋ, ಅಲ್ವೇ?" ಎಂದು ಕೇಳಿದರು. ಲೆಕ್ಕ ಹಾಕಿ ನೋಡಲು ಇಬ್ಬರೂ ಒಂದು ಬಂಡೆಯ ಮೇಲೆ ಕುಳಿತೆವು. ಮೇಲಿನ ಜಗಲಿಯಲ್ಲಿ ಇಂಥ ಪ್ರಶ್ನೆ ಹುಟ್ಟಲು ಅವಕಾಶವೇ ಇಲ್ಲ.

ಇಲ್ಲಿ ಕೆಲವರು ಎತ್ತುವ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ವಯಸ್ಸಾದವರು, ಕಾಲಿಗೆ ಬಲವಿಲ್ಲದವರು ಏನು ಮಾಡಬೇಕು? ಅವರಿಗಾಗಿಯೇ ರೈಲುಗಳಿವೆ, ಅವನ್ನು ಕಟ್ಟಿದವರಿಗೆ ನಾವು ಕೈಮುಗಿಯುತ್ತೇವೆ. ನಮ್ಮ ವಾದ ಏರುವುದರ ವಿರುದ್ಧವಲ್ಲ, ನಿಲ್ಲದೆ ಏರುವುದರ ವಿರುದ್ಧ. ರಜೆಯಿಲ್ಲದವರು? ಹತ್ತೇ ದಿನ ಇರುವವರು ಹತ್ತು ದಿನವನ್ನೂ ಒಂದು ಕಣಿವೆಯಲ್ಲಿ ಕಳೆಯಬಹುದಲ್ಲ. ಏಳು ದೇಶಗಳಿಗೆ ಹಂಚಿದರೆ ಹತ್ತು ದಿನ ಹೆಚ್ಚಾಗುವುದಿಲ್ಲ. ಖರ್ಚಿನ ಮಾತಾದರೆ, ಊರಿಂದೂರಿಗೆ ಬಸ್ಸಿನಲ್ಲಿ ಸುತ್ತುವುದಕ್ಕಿಂತ ಒಂದೆಡೆ ಅಡಿಗೆಮನೆಯುಳ್ಳ ಕೊಠಡಿ ಹಿಡಿದು ಅನ್ನ ಸಾರು ಮಾಡಿಕೊಂಡಿರುವುದು ಅಗ್ಗವೆಂದೇ ನಮ್ಮ ಅನುಭವ.

ಅಷ್ಟು ದೂರ ಹೋಗಲೊಲ್ಲದವರಿಗೆ ಇನ್ನೊಂದು ಮಾತು. ಮೆಟ್ಟುಪಾಳಯದಿಂದ ಉದಕಮಂಡ್ಲಕ್ಕೆ ಹತ್ತುವ ನೀಲಗಿರಿಯ ರೈಲಿನ ಹಲ್ಲುಕಂಬಿ ರೋಮನ್ ಆಬ್ಟ್ ಎಂಬ ಸ್ವಿಸ್ ಇಂಜಿನಿಯರನು ಕಂಡುಹಿಡಿದದ್ದು. ಅದರ ಹೆಸರಾಂತ ಉಗಿಯಂತ್ರಗಳು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್ ಕಾರ್ಖಾನೆಯಲ್ಲಿ ತಯಾರಾದವು. ಕೂನೂರಿನವರೆಗೆ ೧೮೯೯ರಲ್ಲಿ, ಊಟಿಯವರೆಗೆ ೧೯೦೮ರಲ್ಲಿ ಅದು ಓಡತೊಡಗಿತು. ೪೬ ಕಿಲೋಮೀಟರು ಹತ್ತಲು ಸುಮಾರು ಐದು ಗಂಟೆ! ಕಾರಿನಲ್ಲಿ ಇದರ ಅರ್ಧ ಹೊತ್ತೂ ಬೇಡ. ಆದರೂ ಆ ರೈಲಿನ ಸೀಟಿಗಾಗಿ ಜನ ತಿಂಗಳುಗಟ್ಟಲೆ ಮೊದಲೇ ಕಾದಿರುತ್ತಾರೆ. ಈಗಲೇ ಹೇಳಿಬಿಡುತ್ತೇವೆ, ಯಾರಾದರೂ ಬುದ್ಧಿವಂತರು ಅದರ ನಡುವಿನ ನಿಲುಗಡೆಗಳನ್ನು ತೆಗೆದು ಒಂದು ಗಂಟೆ ಉಳಿಸಿಕೊಡುತ್ತೇವೆಂದು ಹೊರಟರೆ ನಾವು ವಿರೋಧಿಸುವವರು.

ಕಡೆಯದಾಗಿ, ಹಿಮನದಿಗಳು ಮಾಯವಾಗುವ ಮುನ್ನ ಬೇಗ ನೋಡಿಬಿಡಬೇಕು ಎಂಬ ವಾದವೊಂದು ಈಚೆಗೆ ಪ್ರವಾಸದ ಜಾಹೀರಾತುಗಳಲ್ಲಿ ತಲೆಯೆತ್ತಿದೆ. ಸಾಯುತ್ತಿರುವವರನ್ನು ನೋಡಲು ಹೋಗುವುದು ಸರಿಯೇ. ಆದರೆ ಹಾಸಿಗೆಯ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಂತು, ಫೋಟೊ ತೆಗೆಸಿಕೊಂಡು ಓಡಿಬರುವುದು ಯಾವ ಊರಿನ ಮರ್ಯಾದೆ? ಹಿಮನದಿ ನಮ್ಮ ನೋಟಕ್ಕಾಗಿ ಇಟ್ಟ ವಸ್ತುವಲ್ಲ, ಅದರ ಕೆಳಗೆ ಜನರಿದ್ದಾರೆ. ೨೦೨೫ರ ಮೇ ೨೮ರಂದು ಲೋಟ್‌ಶೆನ್ ಕಣಿವೆಯ ಬ್ಲಾಟೆನ್ ಎಂಬ ಹಳ್ಳಿಯ ಮೇಲೆ ಬಿರ್ಖ್ ಹಿಮನದಿ ಕುಸಿದುಬಿತ್ತು. ಮೇಲಿನ ಪರ್ವತದಿಂದ ಉರುಳಿದ ಬಂಡೆಗಳ ಭಾರವನ್ನು ಅದು ತಾಳಲಾರದೆ ಹೋಯಿತು. ಇದಕ್ಕೆ ಭೂಮಿಯ ತಾಪ ಏರಿದುದೊಂದೇ ಕಾರಣವೆಂದು ಹೇಳುವಂತಿಲ್ಲ. ಬಂಡೆಗಳ ಬಿರುಕುಗಳನ್ನು ಬಿಗಿಹಿಡಿದಿದ್ದ ಮಂಜು ಸಡಿಲುತ್ತಿರುವುದಂತೂ ದಿಟ. ಅಳತೆಗಾರರು ಕಣ್ಣಿಟ್ಟಿದ್ದುದರಿಂದ ಒಂಬತ್ತು ದಿನ ಮೊದಲೇ ಸುಮಾರು ಮುನ್ನೂರು ಜನರನ್ನು ಹೊರಗೆ ಕಳುಹಿಸಲಾಗಿತ್ತು. ಹಳ್ಳಿಯ ಬಹುಭಾಗ ಮಣ್ಣು ಮಂಜುಗಳಡಿ ಹೂತುಹೋಯಿತು, ಒಬ್ಬನು ಸತ್ತನು. ಬೆಲಾಲ್ಪಿಗೆ ಹೋಗುವ ದಾರಿಯಲ್ಲಿಯೂ ಬ್ಲಾಟೆನ್ ಎಂಬ ಊರೊಂದಿದೆ. ಅದು ಬೇರೆ, ಅದಕ್ಕೇನೂ ಆಗಿಲ್ಲ. ಹೋಗುವವರು ಗಾಬರಿಪಡಬೇಕಾಗಿಲ್ಲ.

ಆಲೆಚ್‌ನ ಇನ್ನೊಂದು ಮಗ್ಗುಲಲ್ಲಿ ಫೀಶ್ ಎಂಬ ಊರಿದೆ. ೧೬೭೮ರಲ್ಲಿ, ಹಿಮನದಿ ಬೆಳೆದು ಬೆಳೆದು ಹೊಲಮನೆಗಳ ಕಡೆಗೆ ಬರುತ್ತಿದ್ದ ಕಾಲದಲ್ಲಿ, ಅಲ್ಲಿಯ ಜನ ಅದು ಇನ್ನು ಬೆಳೆಯದಿರಲೆಂದು ದೇವರಿಗೆ ಹರಕೆ ಹೊತ್ತಿದ್ದರು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆ ಪ್ರಾರ್ಥನೆ ನಡೆದುಕೊಂಡು ಬಂತು. ಹರಕೆಯ ಮಾತನ್ನು ತಾವಾಗಿ ಬದಲಾಯಿಸುವಂತಿಲ್ಲವಾದ್ದರಿಂದ ಊರಿನವರು ಪೋಪ್ ಗುರುಗಳಿಗೆ ಬಿನ್ನಹ ಮಾಡಿಕೊಂಡರು. ೨೦೧೦ರಲ್ಲಿ ರೋಮಿನಿಂದ ಒಪ್ಪಿಗೆ ಬಂತು. ಅಂದಿನಿಂದ ಅವರು, ಮಂಜುಗಡ್ಡೆ ಇನ್ನು ಕುಗ್ಗದಿರಲಿ ಎಂದು ಪ್ರಾರ್ಥಿಸುತ್ತಿದ್ದಾರೆ.